ನೆಂಟರು ಕುಳಿತ ಮೇಲೆ ಓವನ್‌ಗೆ: ಹಾಸನದ ಮನೆಯಲ್ಲಿ ಬಿಸಿ ಬೇಕ್ಡ್ ಚೀಸ್

ಹಾಸನಾಂಬೆಯ ಗುಡಿ ಬಾಗಿಲು ತೆರೆಯಿತೆಂದರೆ ಹಾಸನದ ಮನೆಗಳ ಬಾಗಿಲು ಮುಚ್ಚಲು ಬಿಡುವಿರುವುದಿಲ್ಲ. ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ ಕೆಲವೇ ದಿನ ಸಿಗುವ ದರ್ಶನಕ್ಕೆ ಬೆಂಗಳೂರು, ಮೈಸೂರು, ಶಿವಮೊಗ್ಗ ಎಲ್ಲ ಕಡೆಯಿಂದ ನೆಂಟರು ಬರುತ್ತಾರೆ. ಸರದಿಯಲ್ಲಿ ಗಂಟೆಗಟ್ಟಲೆ ನಿಂತು ಸಂಜೆ ಮನೆ ಸೇರುವ ಹೊತ್ತಿಗೆ ಎಲ್ಲರ ಹೊಟ್ಟೆಯೂ ತಾಳ ಹಾಕುತ್ತಿರುತ್ತದೆ, ಊಟಕ್ಕೆ ಮಾತ್ರ ಇನ್ನೂ ಎರಡು ಗಂಟೆ ಇರುತ್ತದೆ. ಕಾಫಿ ಆಗುತ್ತದೆ, ಡಬ್ಬಿಯಿಂದ ಚಕ್ಕುಲಿ, ನಿಪ್ಪಟ್ಟು ಇಳಿಯುತ್ತವೆ. ಅವು ಎಲ್ಲರ ಮನೆಯಲ್ಲೂ ಸಿಗುತ್ತವೆ. ಆ ಎರಡು ಗಂಟೆಯ ನಡುವೆ ಓವನ್‌ನಿಂದ ಗುಳ್ಳೆ ಏಳುತ್ತಿರುವ ಚೀಸ್ ಬಟ್ಟಲೊಂದು ಬಂದು ಕುಳಿತರೆ ಮಕ್ಕಳು ಮೊಬೈಲ್ ಬಿಟ್ಟು ಏಳುತ್ತಾರೆ, ದೊಡ್ಡವರು ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾರೆ.

ಇದು ಕಷ್ಟದ ಅಡುಗೆಯಲ್ಲ. ಆದರೆ ಕೆಡಿಸುವುದು ಸುಲಭ. ಹೆಚ್ಚಿನವರು ಕೆಡಿಸುವುದು ಹೊತ್ತಿನ ಲೆಕ್ಕದಲ್ಲಿ. ನೆಂಟರು ಏಳಕ್ಕೆ ಬರುತ್ತಾರೆಂದು ಆರೂವರೆಗೇ ಬೇಯಿಸಿ ಇಡುತ್ತಾರೆ. ಅವರು ಏಳೂವರೆಗೆ ಬಂದಾಗ ಚೀಸ್ ಬಿಗಿದುಕೊಂಡು, ಮೇಲೆ ಎಣ್ಣೆ ಕಟ್ಟಿಕೊಂಡು ಕುಳಿತಿರುತ್ತದೆ. ಅದನ್ನು ಮತ್ತೆ ಬಿಸಿ ಮಾಡಿದರೆ ಇನ್ನಷ್ಟು ಕೆಡುತ್ತದೆ. ಈ ತಿನಿಸಿನಲ್ಲಿ ಕಾಯಬೇಕಾದವರು ನೆಂಟರು, ಚೀಸ್ ಅಲ್ಲ. ಬೆಳಗ್ಗೆಯೇ ಎಲ್ಲವನ್ನೂ ಬಟ್ಟಲಿಗೆ ತುಂಬಿ ಫ್ರಿಜ್‌ನಲ್ಲಿಡಿ. ಅವರು ಬಂದು, ಕಾಲು ತೊಳೆದು, ನೀರು ಕುಡಿದು ಕುಳಿತ ಮೇಲೆ ಓವನ್‌ಗೆ ಹಾಕಿ. ಹದಿನೈದು ಇಪ್ಪತ್ತು ನಿಮಿಷ ದರ್ಶನದ ಕಥೆ ಕೇಳುವುದರಲ್ಲಿ ಕಳೆದುಹೋಗುತ್ತದೆ.

ಯಾವ ಚೀಸ್?

ದುಬಾರಿ ಚೀಸ್ ಬೇಕಿಲ್ಲ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಎರಡು ಬಗೆಯ ಚೀಸ್ ಮತ್ತು ಮನೆಯ ಮೊಸರು, ಈ ಮೂರೇ ಸಾಕು. ಆದರೆ ಮೂರೂ ಬೇಕು, ಏಕೆಂದರೆ ಒಂದೊಂದರ ಗುಣ ಒಂದೊಂದು.

ಕ್ಯೂಬ್ ಅಥವಾ ಟಿನ್‌ನಲ್ಲಿ ಬರುವ ಸಂಸ್ಕರಿಸಿದ ಚೀಸ್‌ನಲ್ಲಿ ಸಿಟ್ರೇಟ್, ಫಾಸ್ಫೇಟ್‌ನಂಥ ಲವಣಗಳನ್ನು ಬೆರೆಸಿರುತ್ತಾರೆ. ಅವು ಕೊಬ್ಬು ಮತ್ತು ನೀರನ್ನು ಬಿಡದೆ ಹಿಡಿದಿಡುತ್ತವೆ. ಆದ್ದರಿಂದ ಅದು ಎಣ್ಣೆ ಬಿಡದೆ ನುಣ್ಣಗೆ ಕರಗುತ್ತದೆ, ಆದರೆ ಎಳೆ ಬರುವುದಿಲ್ಲ. ಮೊಜರೆಲ್ಲಾ ಇದಕ್ಕೆ ತದ್ವಿರುದ್ಧ. ಮೊಸರುಗಡ್ಡೆಯನ್ನು ಬಿಸಿನೀರಿನಲ್ಲಿ ಎಳೆದೆಳೆದು ಮಾಡುವ ಚೀಸ್ ಅದು, ಹಾಗಾಗಿ ಕರಗಿದಾಗಲೂ ಎಳೆಯೆಳೆಯಾಗಿಯೇ ಬರುತ್ತದೆ. ಅದನ್ನೊಂದೇ ಬಳಸಿದರೆ ಐದು ನಿಮಿಷದಲ್ಲಿ ರಬ್ಬರ್ ಆಗುತ್ತದೆ, ಒಬ್ಬರು ಒಂದು ತುದಿ ಎತ್ತಿದರೆ ಬಟ್ಟಲಿನ ಚೀಸ್ ಪೂರ್ತಿ ಎದ್ದು ಬರುತ್ತದೆ. ಮೊದಲನೆಯದು ನುಣುಪಿಗೆ, ಎರಡನೆಯದು ಎಳೆಗೆ. ಇವೆರಡರ ಉಪ್ಪು, ಜಿಡ್ಡನ್ನು ತಗ್ಗಿಸಿ ತುಸು ಹುಳಿ ಕೊಡಲು ನೀರು ಬಸಿದ ಗಟ್ಟಿ ಮೊಸರು. ವಿದೇಶದ ಪಾಕವಿಧಾನಗಳಲ್ಲಿ ಈ ಜಾಗದಲ್ಲಿ ಕ್ರೀಮ್ ಚೀಸ್ ಇರುತ್ತದೆ. ನಮ್ಮ ನಾಲಿಗೆಗೆ ಮೊಸರೇ ವಾಸಿ ಎಂಬುದು ನನ್ನ ಅಭಿಪ್ರಾಯ. ಕ್ರೀಮ್ ಚೀಸ್ ಹಾಕಿದರೆ ನಾಲ್ಕು ತುತ್ತಿಗೇ ಮುಖ ಕಟ್ಟುತ್ತದೆ, ಆಮೇಲೆ ಊಟ ಯಾರಿಗೆ ಬೇಕು?

ಪನೀರ್ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಪನೀರ್ ಕರಗುವುದಿಲ್ಲ. ಕಾದ ಹಾಲಿಗೆ ಹುಳಿ ಹಾಕಿ ಒಡೆಯಿಸಿದಾಗ ಅದರ ಪ್ರೋಟೀನ್‌ಗಳ ಹೆಣಿಗೆಯೇ ಬೇರೆಯಾಗುತ್ತದೆ. ಎಷ್ಟು ಕಾಯಿಸಿದರೂ ನೀರು ಬಿಟ್ಟು ಗಟ್ಟಿಯಾಗುತ್ತದೆಯೇ ಹೊರತು ಹರಿಯುವುದಿಲ್ಲ. ಬಟರ್ ಮಸಾಲದಲ್ಲಿ ತುಂಡು ತುಂಡಾಗಿಯೇ ಉಳಿಯುವುದು ಇದೇ ಕಾರಣಕ್ಕೆ. ಒಂದು ಹಿಡಿ ಪನೀರ್ ತುರಿದು ಮಿಶ್ರಣಕ್ಕೆ ಸೇರಿಸಿದರೆ ತೊಂದರೆಯಿಲ್ಲ, ಅದನ್ನೇ ನಂಬಿಕೊಂಡು ಹೊರಡಬೇಡಿ.

ಕೊಳ್ಳುವಾಗ ಪೊಟ್ಟಣದ ಹಿಂಬದಿ ಓದಿ. ಪಿಜ್ಜಾ ಚೀಸ್ ಎಂಬ ರೀತಿಯ ಹೆಸರಿನಲ್ಲಿ ಸಿಗುವ ಕೆಲವು ಅಗ್ಗದ ಪೊಟ್ಟಣಗಳಲ್ಲಿ ಹಾಲಿನ ಕೊಬ್ಬಿನ ಬದಲು ತಾಳೆ ಎಣ್ಣೆ ಇರುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರು ಹಾಲು ಅಥವಾ ಚೀಸ್ ಆಗಿರಬೇಕು. ಹಸಿರು ಗುರುತನ್ನೂ ನೋಡಿಕೊಳ್ಳಿ. ಹಾಲು ಹೆಪ್ಪಾಗಿಸಲು ಬಳಸುವ ರೆನೆಟ್ ಎಂಬ ಕಿಣ್ವವನ್ನು ಸಾಂಪ್ರದಾಯಿಕವಾಗಿ ಕರುವಿನ ಜಠರದಿಂದ ತೆಗೆಯುತ್ತಿದ್ದರು. ಈಗ ಸೂಕ್ಷ್ಮಜೀವಿಗಳಿಂದ ತಯಾರಾದ ರೆನೆಟ್ ಬಳಕೆಯಲ್ಲಿದೆ. ದೇವರ ದರ್ಶನ ಮುಗಿಸಿ ಬಂದ ಸಸ್ಯಾಹಾರಿ ದೊಡ್ಡಮ್ಮನ ಮುಂದೆ ಬಟ್ಟಲಿಡುವ ಮೊದಲು ಇದು ನಿಮಗೆ ಖಾತ್ರಿಯಿರಬೇಕು.

ತುರಿದೇ ಬರುವ ಚೀಸ್ ಬೇಡ. ಒಂದಕ್ಕೊಂದು ಅಂಟದಿರಲೆಂದು ಅದಕ್ಕೆ ಪುಡಿ ಸವರಿರುತ್ತಾರೆ, ಕರಗಿದಾಗ ನುಣುಪು ಸಾಲುವುದಿಲ್ಲ. ಗಡ್ಡೆ ತಂದು, ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟು ತುರಿದರೆ ತುರಿಯುವ ಮಣೆಗೆ ಮೆತ್ತಿಕೊಳ್ಳುವುದಿಲ್ಲ.

ಏನೇನು ಬೇಕು

ಆರರಿಂದ ಎಂಟು ಜನರಿಗೆ ಈ ಅಳತೆ. ಕೆನೆಭರಿತ ಗಟ್ಟಿ ಮೊಸರು 500 ಗ್ರಾಂ (ಹುಳಿಯಾಗಿರಬಾರದು), ಮೊಜರೆಲ್ಲಾ 150 ಗ್ರಾಂ, ಸಂಸ್ಕರಿಸಿದ ಚೀಸ್ 100 ಗ್ರಾಂ, ಕಾರ್ನ್‌ಫ್ಲೋರ್ 2 ಟೀ ಚಮಚ, ಹಾಲು ಎರಡು ಮೂರು ದೊಡ್ಡ ಚಮಚ, ಬೆಣ್ಣೆ 1 ದೊಡ್ಡ ಚಮಚ, ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಸಣ್ಣ ಈರುಳ್ಳಿ, ಅರ್ಧ ದಪ್ಪ ಮೆಣಸಿನಕಾಯಿ, ಆಗಷ್ಟೇ ಕುಟ್ಟಿದ ಕಾಳುಮೆಣಸು 1 ಟೀ ಚಮಚ, ಒಂದೆರಡು ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು. ಮೇಲೆ ಉದುರಿಸಲು ಒರಟಾಗಿ ಪುಡಿ ಮಾಡಿದ ಬ್ರೆಡ್ ಅಥವಾ ಖಾರದ ಬಿಸ್ಕತ್ತು ಎರಡು ಮೂರು ದೊಡ್ಡ ಚಮಚ.

ಉಪ್ಪು ಪಟ್ಟಿಯಲ್ಲಿಲ್ಲ, ಮರೆತದ್ದಲ್ಲ. ಎರಡೂ ಚೀಸ್‌ನಲ್ಲಿ ಬೇಕಾದಷ್ಟು ಇದೆ.

ಕಾಳುಮೆಣಸಿನ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಸಕಲೇಶಪುರದ ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಬಳ್ಳಿಯ ಮೆಣಸು ಹಾಸನದಲ್ಲಿ ಸುಲಭವಾಗಿ ಸಿಗುವಾಗ ಪುಡಿ ಡಬ್ಬಿ ಏಕೆ? ಇಡೀ ಕಾಳನ್ನು ಒಣ ಬಾಣಲೆಯಲ್ಲಿ ಅರ್ಧ ನಿಮಿಷ ಬೆಚ್ಚಗೆ ಮಾಡಿ ಕುಟ್ಟಾಣಿಯಲ್ಲಿ ಜಜ್ಜಿ. ಕೆಲವು ಕಾಳು ಎರಡೇ ಹೋಳಾಗಿರಲಿ, ಕೆಲವು ಪುಡಿಯಾಗಲಿ. ಚೀಸ್‌ನ ಜಿಡ್ಡಿನ ನಡುವೆ ಹಲ್ಲಿಗೆ ಸಿಕ್ಕುವ ಆ ಅರ್ಧ ಕಾಳಿನಿಂದಲೇ ಇಡೀ ಬಟ್ಟಲಿಗೆ ರುಚಿ.

ಬೆಳಗ್ಗೆ ಮುಗಿಸಬೇಕಾದದ್ದು

ಹಿಂದಿನ ರಾತ್ರಿಯೇ ಮೊಸರನ್ನು ತೆಳು ಹತ್ತಿ ಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲಿಟ್ಟು, ಕೆಳಗೊಂದು ಪಾತ್ರೆ ಇಟ್ಟು ಫ್ರಿಜ್‌ಗೆ ಸೇರಿಸಿ. ನಲ್ಲಿಗೆ ನೇತುಹಾಕಿದರೆ ಬೇಗ ಬಸಿಯುತ್ತದೆ, ಆದರೆ ಬೆಳಗಾಗುವಷ್ಟರಲ್ಲಿ ಹುಳಿಯೂ ಏರಿರುತ್ತದೆ. ಬೆಳಗ್ಗೆ ಹೆಚ್ಚುಕಡಿಮೆ ಅರ್ಧದಷ್ಟು ಗಟ್ಟಿ ಮೊಸರು ಉಳಿಯುತ್ತದೆ. ಬಟ್ಟೆಯನ್ನು ಬಿಡಿಸಿದಾಗ ಮೊಸರಿನ ಮೈಮೇಲೆ ನೇಯ್ಗೆಯ ಗೆರೆಗಳು ಅಚ್ಚೊತ್ತಿ, ಬೆರಳಿಟ್ಟರೆ ಗುಳಿ ಹಾಗೆಯೇ ನಿಲ್ಲಬೇಕು. ನೀರು ಒಸರುತ್ತಿದ್ದರೆ ಇನ್ನೊಂದು ಗಂಟೆ ಬಿಡಿ. ಇಲ್ಲಿ ಅವಸರ ಮಾಡಿದರೆ ಸಂಜೆ ಬಟ್ಟಲಿನ ಅಂಚಿನಲ್ಲಿ ನೀರು ನಿಲ್ಲುತ್ತದೆ. ಬಸಿದ ನೀರನ್ನು ಚೆಲ್ಲಬೇಡಿ, ಚಪಾತಿ ಹಿಟ್ಟು ಕಲಸಲು ಆಗುತ್ತದೆ.

ಬೆಣ್ಣೆಯಲ್ಲಿ ಸಣ್ಣಗೆ ಹೆಚ್ಚಿದ ಈರುಳ್ಳಿ, ಬೆಳ್ಳುಳ್ಳಿ, ದಪ್ಪ ಮೆಣಸಿನಕಾಯಿಯನ್ನು ಹುರಿಯಿರಿ. ಇಲ್ಲಿ ಗುರಿ ಬಣ್ಣವಲ್ಲ, ತರಕಾರಿಯ ನೀರನ್ನು ಓಡಿಸುವುದು. ಬಾಣಲೆಯ ಚಟಪಟ ನಿಂತಾಗ ಇಳಿಸಿ, ಪೂರ್ತಿ ತಣಿಯಲು ಬಿಡಿ. ಹಬ್ಬದ ದಿನವಾಗಿ ಈರುಳ್ಳಿ, ಬೆಳ್ಳುಳ್ಳಿ ನಿಷಿದ್ಧವಾಗಿದ್ದರೆ ಎರಡನ್ನೂ ಬಿಟ್ಟು, ಬೆಣ್ಣೆಗೆ ಚಿಟಿಕೆ ಇಂಗು ಹಾಕಿ ದಪ್ಪ ಮೆಣಸಿನಕಾಯಿಯ ಪಾಲು ಹೆಚ್ಚಿಸಿ. ಇಂಗು ಮತ್ತು ಚೀಸ್ ಎಂದರೆ ಮೂಗು ಮುರಿಯುವವರಿದ್ದಾರೆ. ತಿಂದು ನೋಡಿದ ಮೇಲೆ ಮುರಿಯಲಿ.

ತುರಿದ ಎರಡೂ ಚೀಸ್‌ಗೆ ಕಾರ್ನ್‌ಫ್ಲೋರ್ ಉದುರಿಸಿ ಕೈಯಲ್ಲೇ ಹಗುರಾಗಿ ಬೆರೆಸಿ. ಪ್ರತಿ ಎಳೆಗೂ ಹಿಟ್ಟು ತಾಗಬೇಕು. ಕಾದಾಗ ಚೀಸ್‌ನ ಪ್ರೋಟೀನ್‌ಗಳು ಒಂದಕ್ಕೊಂದು ಅಂಟಿ ಬಿಗಿದುಕೊಳ್ಳಲು ನೋಡುತ್ತವೆ, ಆಗ ಕೊಬ್ಬು ಹೊರಗೆ ಬಂದು ಎಣ್ಣೆಯಾಗಿ ತೇಲುತ್ತದೆ. ಪಿಷ್ಟದ ಕಣಗಳು ನಡುವೆ ನಿಂತು ಅವನ್ನು ಅಂಟಲು ಬಿಡುವುದಿಲ್ಲ. ಮೊಸರು ಕಾದು ಒಡೆಯದಂತೆ ತಡೆಯುವುದೂ ಇದೇ ಹಿಟ್ಟು. ಮಜ್ಜಿಗೆ ಹುಳಿಗೆ ಅಕ್ಕಿ, ಕಡಲೆಬೇಳೆ ರುಬ್ಬಿ ಹಾಕುವ ಮನೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಈಗ ಗಟ್ಟಿ ಮೊಸರನ್ನು ಹಾಲಿನೊಂದಿಗೆ ಗಂಟಿಲ್ಲದಂತೆ ಕದಡಿ, ತಣಿದ ತರಕಾರಿ, ಮೆಣಸು, ಹೆಚ್ಚಿದ ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಸೇರಿಸಿ, ಚೀಸ್ ತುರಿಯ ಮುಕ್ಕಾಲು ಪಾಲನ್ನು ಬೆರೆಸಿ. ಬೆಣ್ಣೆ ಸವರಿದ ಬಟ್ಟಲಿಗೆ ತುಂಬಿ. ಬಟ್ಟಲು ಅಗಲವಾಗಿದ್ದು, ಮಿಶ್ರಣ ಎರಡು ಬೆರಳು ದಪ್ಪ ನಿಲ್ಲಬೇಕು. ಆಳದ ಪಾತ್ರೆಯಲ್ಲಿ ಮೇಲ್ಭಾಗ ಕೆಂಪಾದರೂ ನಡುಭಾಗ ತಣ್ಣಗಿರುತ್ತದೆ. ಮೇಲೆ ಉಳಿದ ತುರಿ ಹರಡಿ, ಮುಚ್ಚಿ ಫ್ರಿಜ್‌ನಲ್ಲಿಡಿ. ಬ್ರೆಡ್ ಪುಡಿಯನ್ನು ಈಗಲೇ ಹಾಕಬೇಡಿ, ಸಂಜೆಯವರೆಗೆ ನೆನೆದು ಮುದ್ದೆಯಾಗುತ್ತದೆ.

ಎಂಜಲಿನ ಪ್ರಶ್ನೆ

ಪಾಕವಿಧಾನಗಳಲ್ಲಿ ಯಾರೂ ಬರೆಯದ, ನಮ್ಮ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಇದು. ಒಂದೇ ಬಟ್ಟಲಿಗೆ ಎಂಟು ಜನ ಬ್ರೆಡ್ ಅದ್ದಿ, ಅರ್ಧ ಕಚ್ಚಿ, ಮತ್ತೆ ಅದ್ದಿದರೆ? ಸೋದರಸಂಬಂಧಿಗಳ ಮಕ್ಕಳು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಆದರೆ ಎಂಜಲು ಮುಸುರೆ ಪಾಲಿಸುವ ಅತ್ತೆಯವರು ಏನೂ ಹೇಳದೆ, ‘ನನಗೆ ಹಸಿವಿಲ್ಲ ಕಣಮ್ಮ, ನೀವು ತಿನ್ನಿ’ ಎಂದು ಒಳಗೆ ಎದ್ದು ಹೋಗುತ್ತಾರೆ. ಆಗ ಆತಿಥ್ಯ ಕೆಟ್ಟಿತೆಂದೇ ಅರ್ಥ. ಆರೋಗ್ಯದ ದೃಷ್ಟಿಯಿಂದಲೂ ಅವರದ್ದೇ ಸರಿ.

ಎರಡು ದಾರಿಗಳಿವೆ. ಒಂದು, ದೊಡ್ಡ ಬಟ್ಟಲಿನ ಜೊತೆ ಎರಡು ಬಡಿಸುವ ಚಮಚ ಮತ್ತು ಎಲ್ಲರಿಗೂ ಪುಟ್ಟ ತಟ್ಟೆ. ತಮಗೆ ಬೇಕಾದಷ್ಟು ತಟ್ಟೆಗೆ ಹಾಕಿಕೊಂಡು ಅಲ್ಲಿ ಅದ್ದಿಕೊಳ್ಳಲಿ. ಚಮಚವನ್ನು ಬಟ್ಟಲಿನೊಳಗೇ ನೆಟ್ಟು ತಂದರೆ ಯಾರಿಗೂ ಬಾಯಿ ಬಿಟ್ಟು ಹೇಳಬೇಕಾಗುವುದಿಲ್ಲ. ಇನ್ನೊಂದು, ನನಗೆ ಹೆಚ್ಚು ಹಿಡಿಸಿದ್ದು, ಒಬ್ಬೊಬ್ಬರಿಗೂ ಒಂದೊಂದು ಕುಡಿಕೆ. ಸಂತೆಯಲ್ಲಿ ಸಿಗುವ ಸಣ್ಣ ಮಣ್ಣಿನ ಕುಡಿಕೆಗಳನ್ನು ತಂದು, ಒಂದೆರಡು ಗಂಟೆ ನೀರಿನಲ್ಲಿ ನೆನೆಸಿ, ತೊಳೆದು ಒರೆಸಿ ಒಳಗೆ ಬೆಣ್ಣೆ ಸವರಿ. ಬಣ್ಣ ಬಳಿದ, ಹೊಳಪು ಹಚ್ಚಿದ ದೀಪಾವಳಿಯ ಕುಡಿಕೆಗಳು ಅಡುಗೆಗೆ ಬೇಡವೇ ಬೇಡ. ಮಣ್ಣು ನಿಧಾನವಾಗಿ ಕಾಯುತ್ತದೆ, ಹಾಗೆಯೇ ನಿಧಾನವಾಗಿ ಆರುತ್ತದೆ. ದೀಪಾವಳಿ ಕಳೆದು ಚಳಿ ಬಲಿತ ಹಾಸನದ ಸಂಜೆಗೆ ಇದಕ್ಕಿಂತ ಒಳ್ಳೆಯ ಪಾತ್ರೆ ಇಲ್ಲ. ಸ್ಟೀಲ್ ಬಟ್ಟಲುಗಳಲ್ಲೂ ಮಾಡಬಹುದು, ಆದರೆ ಅಂಚು ಬೇಗ ಕರಕಾಗುತ್ತದೆ, ಐದೇ ನಿಮಿಷಕ್ಕೆ ತಣ್ಣಗಾಗುತ್ತದೆ.

ಬೇಯಿಸುವುದು

ನೆಂಟರು ಬಸ್ ಇಳಿದೆವೆಂದು ಕರೆ ಮಾಡಿದಾಗ ಬಟ್ಟಲನ್ನು ಫ್ರಿಜ್‌ನಿಂದ ಹೊರಗಿಡಿ. ತಣ್ಣನೆಯ ಗಾಜಿನ ಬಟ್ಟಲನ್ನು ಕಾದ ಓವನ್‌ಗೆ ನೇರವಾಗಿ ತುರುಕಿದರೆ ಸೀಳಬಹುದು. ಕಾದ ಗಾಜನ್ನು ಒದ್ದೆ ಗ್ರಾನೈಟ್ ಕಟ್ಟೆಯ ಮೇಲಿಟ್ಟರೂ ಅಷ್ಟೇ, ಕೆಳಗೊಂದು ಒಣ ಬಟ್ಟೆ ಅಥವಾ ಮರದ ಹಲಗೆ ಇರಲಿ.

ಒಟಿಜಿ, ಅಂದರೆ ಟೋಸ್ಟರ್, ಗ್ರಿಲ್ ಎರಡೂ ಇರುವ ಸಣ್ಣ ವಿದ್ಯುತ್ ಓವನ್ ಆದರೆ, ಮೇಲಿನ, ಕೆಳಗಿನ ಎರಡೂ ಕಂಬಿಗಳನ್ನು ಹಾಕಿ 190 ಡಿಗ್ರಿ ಸೆಲ್ಸಿಯಸ್‌ಗೆ ಹದಿನೈದು ನಿಮಿಷ ಮೊದಲೇ ಕಾಯಿಸಿ. ಬ್ರೆಡ್ ಪುಡಿಗೆ ಒಂದು ಚಮಚ ಕರಗಿದ ಬೆಣ್ಣೆ ಬೆರೆಸಿ ಮಿಶ್ರಣದ ಮೇಲೆ ಉದುರಿಸಿ. ನಡುವಿನ ಅಂತಸ್ತಿನಲ್ಲಿಟ್ಟರೆ ದೊಡ್ಡ ಬಟ್ಟಲಿಗೆ ಹದಿನೈದರಿಂದ ಇಪ್ಪತ್ತು ನಿಮಿಷ, ಸಣ್ಣ ಕುಡಿಕೆಗಳಿಗೆ ಹತ್ತರಿಂದ ಹದಿಮೂರು ನಿಮಿಷ ಬೇಕಾಗುತ್ತದೆ. ಸಂಜೆ ಹೊತ್ತು ವಿದ್ಯುತ್ತಿನ ವೋಲ್ಟೇಜ್ ಇಳಿಯುವ ಬಡಾವಣೆಗಳಲ್ಲಿ ಗಡಿಯಾರವನ್ನು ನಂಬಬೇಡಿ, ಕಣ್ಣನ್ನು ನಂಬಿ. ಮೊದಲು ಅಂಚಿನಲ್ಲಿ ಸಣ್ಣ ಗುಳ್ಳೆಗಳು ಕಾಣಿಸಿಕೊಳ್ಳುತ್ತವೆ. ಸ್ವಲ್ಪ ಹೊತ್ತಿನಲ್ಲಿ ಅವು ದಪ್ಪವಾಗಿ ಒಡೆಯುತ್ತ ನಡುವಿನ ಕಡೆಗೆ ಸರಿಯುತ್ತವೆ. ಗುಳ್ಳೆಗಳು ಅರ್ಧ ದಾರಿ ಸಾಗಿದಾಗ, ನಡುಭಾಗ ಅಲುಗಿಸಿದರೆ ಇನ್ನೂ ತುಸು ತುಳುಕುತ್ತಿರುವಾಗಲೇ, ಮೇಲಿನ ಕಂಬಿಯನ್ನಷ್ಟೇ ಉಳಿಸಿ ಎರಡು ನಿಮಿಷ ಕೆಂಪಾಗಿಸಿ ತೆಗೆಯಿರಿ. ನಡುಭಾಗವೂ ಕುದಿಯಲಿ ಎಂದು ಕಾದರೆ ಅಂಚು ಎಣ್ಣೆ ಬಿಟ್ಟಿರುತ್ತದೆ. ಉಳಿದದ್ದನ್ನು ಬಟ್ಟಲಿನ ಕಾವೇ ನೋಡಿಕೊಳ್ಳುತ್ತದೆ.

ಕನ್ವೆಕ್ಷನ್ ಇರುವ ಮೈಕ್ರೋವೇವ್‌ನಲ್ಲಿ 180 ಡಿಗ್ರಿ ಸಾಕು, ಅದರ ಫ್ಯಾನ್ ಗಾಳಿ ಬೇಗ ಬೇಯಿಸುತ್ತದೆ. ಬರೀ ಮೈಕ್ರೋವೇವ್‌ನಲ್ಲಿ ಇದನ್ನು ಮಾಡಲು ಹೋಗಬೇಡಿ. ಒಂದು ಕಡೆ ಲಾವಾ, ಇನ್ನೊಂದು ಕಡೆ ರಬ್ಬರ್.

ಓವನ್ ಇಲ್ಲದಿದ್ದರೆ, ಅಥವಾ ಸರಿಯಾದ ಹೊತ್ತಿಗೆ ಕರೆಂಟು ಹೋದರೆ, ದಪ್ಪ ತಳದ ಹಳೆಯ ಅಲ್ಯೂಮಿನಿಯಂ ಪಾತ್ರೆಯೊಂದು ಸಾಕು. ತಳದಲ್ಲಿ ಒಂದು ಬೆರಳು ದಪ್ಪ ಕಲ್ಲುಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಬಿಗಿಯಾಗಿ ಮುಚ್ಚಿ ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ಬಳಿಕ ಸ್ಟೀಲ್ ಬಟ್ಟಲನ್ನು ಒಳಗಿಟ್ಟು, ಉರಿ ತಗ್ಗಿಸಿ, ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಬಿಡಿ. ಗಾಜು, ಮಣ್ಣು ಇಲ್ಲಿ ಬೇಡ. ಈ ಕೆಲಸಕ್ಕೆ ಪ್ರೆಷರ್ ಕುಕ್ಕರ್ ಬಳಸುವವರೂ ಇದ್ದಾರೆ, ನನಗೆ ಸರಿ ಕಾಣುವುದಿಲ್ಲ. ನೀರಿಲ್ಲದೆ ಕಾಯಿಸಲು ಮಾಡಿದ ಪಾತ್ರೆ ಅದಲ್ಲ. ಪಾತ್ರೆಯ ಒಲೆಯಲ್ಲಿ ಮೇಲ್ಭಾಗ ಕೆಂಪಾಗುವುದಿಲ್ಲ. ಹಾಗಾಗಿ ಬ್ರೆಡ್ ಪುಡಿಯನ್ನು ಬೆಣ್ಣೆಯಲ್ಲಿ ಬೇರೆಯಾಗಿ ಹೊಂಬಣ್ಣಕ್ಕೆ ಹುರಿದು ಕೊನೆಗೆ ಉದುರಿಸಿ. ಗರಿಗರಿ ಇದ್ದರೆ ಬಣ್ಣವನ್ನು ಯಾರು ಕೇಳುತ್ತಾರೆ.

ತೆಗೆದ ಮೇಲೆ ಐದು ನಿಮಿಷ ಬಿಡಲೇಬೇಕು. ಮಕ್ಕಳಿದ್ದರೆ ಬಟ್ಟಲನ್ನು ಆ ಐದು ನಿಮಿಷ ಅಡುಗೆಮನೆಯಲ್ಲೇ ಇರಿಸಿಕೊಳ್ಳಿ. ಕರಗಿದ ಚೀಸ್ ನಾಲಿಗೆಗೆ ಅಂಟಿ ಸುಡುತ್ತದೆ, ನೀರು ಕುಡಿದರೂ ಬೇಗ ಬಿಡುವುದಿಲ್ಲ.

ಜೊತೆಗೆ ಏನು ಕೊಡುವುದು

ಹಾಸನದವರಿಗೆ ಇಲ್ಲಿ ಒಂದು ಅನುಕೂಲವಿದೆ. ಬೆಂಗಳೂರಿನ ಬೀದಿ ಬೀದಿಯಲ್ಲಿ ಅಯ್ಯಂಗಾರ್ ಬೇಕರಿ ತೆರೆದವರಲ್ಲಿ ಬಹಳ ಮಂದಿ ಈ ಜಿಲ್ಲೆಯಿಂದಲೇ ಹೋದವರು. ಊರಿನಲ್ಲೂ ಒಳ್ಳೆಯ ಬ್ರೆಡ್‌ಗೆ ಕೊರತೆಯಿಲ್ಲ. ಆದರೆ ಆ ಬ್ರೆಡ್ ಮೆತ್ತಗೆ, ತುಸು ಸಿಹಿ. ತಾಜಾ ಬ್ರೆಡ್ ಅನ್ನು ಬಿಸಿ ಚೀಸ್‌ಗೆ ಅದ್ದಿದರೆ ಅರ್ಧ ಅಲ್ಲೇ ಮುಳುಗುತ್ತದೆ. ಹಿಂದಿನ ದಿನದ ಬ್ರೆಡ್ ತಂದು, ಹೋಳು ಮಾಡಿಸದೆ, ಮನೆಯಲ್ಲೇ ಹೆಬ್ಬೆರಳ ಗಾತ್ರದ ಕಡ್ಡಿಗಳಾಗಿ ಕತ್ತರಿಸಿ. 150 ಡಿಗ್ರಿಯಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ ಒಣಗಿಸಿ. ಹೊರಗೆ ಗರಿಗರಿಯಾಗಿ, ಒಳಗೆ ಕೊಂಚ ಮೆತ್ತಗಿದ್ದರೆ ಸರಿಯಾದ ಹದ. ಇದನ್ನೂ ಬೆಳಗ್ಗೆಯೇ ಮಾಡಿ ಡಬ್ಬಿಗೆ ಹಾಕಿಡಬಹುದು. ಬೇಕರಿಯ ಖಾರದ ಬಿಸ್ಕತ್ತನ್ನು ಹಾಗೆಯೇ ಕೊಡಬಹುದು. ಬೆಣ್ಣೆ ಬಿಸ್ಕತ್ತು ಪುಡಿಯಾಗುತ್ತದೆ, ರಸ್ಕ್ ತೀರಾ ಸಿಹಿ.

ಬ್ರೆಡ್‌ಗಿಂತ ಒಳ್ಳೆಯ ಜೋಡಿ ಆಲೂಗಡ್ಡೆ. ಸ್ವಿಟ್ಜರ್ಲೆಂಡಿನಲ್ಲಿ ರಾಕ್ಲೆಟ್ ಎಂದು ಕರಗಿದ ಚೀಸ್ ಅನ್ನು ಬೆಂದ ಆಲೂಗಡ್ಡೆಯ ಮೇಲೆ ಹೆರೆದು ಹಾಕಿಕೊಂಡು ತಿನ್ನುತ್ತಾರೆ. ಮುಂಗಾರಿನಲ್ಲಿ ಆಲೂಗಡ್ಡೆ ಬೆಳೆಯುವ ಜಿಲ್ಲೆಯಲ್ಲಿ ಕುಳಿತು ನಾವು ಚೀಸ್‌ಗೆ ಬಿಸ್ಕತ್ತು ಹುಡುಕುವುದರಲ್ಲಿ ಅರ್ಥವಿಲ್ಲ. ವ್ಯಾಪಾರಿಗಳು ಬೇರೆ ಮಾಡಿ ಕಡಿಮೆ ಬೆಲೆಗೆ ಕೊಡುವ ಗೋಲಿ ಗಾತ್ರದ ಗಡ್ಡೆಗಳನ್ನೇ ಕೇಳಿ ತನ್ನಿ, ಅರ್ಧ ಕಿಲೋ ಸಾಕು. ಹಸಿರು ಬಣ್ಣಕ್ಕೆ ತಿರುಗಿದವನ್ನು ಪಕ್ಕಕ್ಕಿಡಿ. ಮಣ್ಣು ಹೋಗುವಂತೆ ಉಜ್ಜಿ ತೊಳೆದು, ಸಿಪ್ಪೆಸಮೇತ ಉಪ್ಪು ನೀರಿನಲ್ಲಿ ಬೇಯಿಸಿ. ಕುಕ್ಕರ್ ಬೇಡ, ಒಡೆದುಹೋಗುತ್ತವೆ. ಚಾಕುವಿನ ತುದಿ ಸಲೀಸಾಗಿ ಇಳಿದಾಗ ಬಸಿದು, ಅದೇ ಬಿಸಿ ಪಾತ್ರೆಯಲ್ಲಿ ಎರಡು ನಿಮಿಷ ಮುಚ್ಚಳ ತೆರೆದು ಬಿಟ್ಟರೆ ಸಿಪ್ಪೆಯ ಮೇಲಿನ ನೀರು ಆರಿ ಮೈ ಒರಟಾಗುತ್ತದೆ. ಅರ್ಧ ಹೋಳು ಮಾಡಿ, ಕತ್ತರಿಸಿದ ಮುಖ ಕೆಳಗಾಗಿ ಕಾವಲಿಯ ಮೇಲೆ ಎಣ್ಣೆ ಹಾಕಿ ಜೋಡಿಸಿ, ಅಲುಗಿಸದೆ ಕೆಂಪಗೆ ಮಾಡಿ. ಆ ಕೆಂಪು ಮುಖವೇ ಚೀಸ್ ಎತ್ತುವ ಸೌಟು. ಅರ್ಧ ಗಂಟೆ ಮೊದಲೇ ಮಾಡಿಟ್ಟು, ಓವನ್‌ನಲ್ಲಿ ಚೀಸ್ ಪಕ್ಕದಲ್ಲೇ ಕೊನೆಯ ಐದು ನಿಮಿಷ ಬಿಸಿ ಮಾಡಿಕೊಳ್ಳಬಹುದು.

ಬೆಳಗಿನ ಅಕ್ಕಿ ರೊಟ್ಟಿ ಉಳಿದಿದ್ದರೆ ತ್ರಿಕೋನವಾಗಿ ಕತ್ತರಿಸಿ ಕಾವಲಿಯಲ್ಲಿ ಗರಿ ಮಾಡಿ. ಸೌತೆಕಾಯಿ, ಕ್ಯಾರೆಟ್ ಕಡ್ಡಿಗಳೂ ಇರಲಿ, ಜಿಡ್ಡಿನ ನಡುವೆ ಬಾಯಿ ತೊಳೆದಂತಾಗುತ್ತದೆ. ಹಲಸಿನ ಹಪ್ಪಳ ರುಚಿಗೆ ಚೆನ್ನ, ಆದರೆ ಭಾರ ಎತ್ತಲಾರದು. ಕೋಡುಬಳೆಯಿಂದ ಚೀಸ್ ಎತ್ತುವ ಸಾಹಸ ಮಾಡುವ ಒಬ್ಬ ಭಾವನವರು ಎಲ್ಲ ಮನೆಯಲ್ಲೂ ಇರುತ್ತಾರೆ, ಅರ್ಧ ಕೋಡುಬಳೆ ಬಟ್ಟಲಲ್ಲೇ ಉಳಿಯುತ್ತದೆ.

ಬಟ್ಟಲು ಬೇಗ ಆರದಿರಲು ಅಗಲ ತಟ್ಟೆಯಲ್ಲಿ ಕುದಿನೀರು ಹಾಕಿ ಅದರೊಳಗೆ ಇಟ್ಟು ತನ್ನಿ, ನೀರು ಬಟ್ಟಲಿನ ಅರ್ಧಕ್ಕಿಂತ ಕೆಳಗಿರಲಿ. ಡಿಸೆಂಬರ್, ಜನವರಿಯ ಸಂಜೆಗಳಲ್ಲಿ ಇದಿಲ್ಲದಿದ್ದರೆ ಮಾತಿಗೆ ಕುಳಿತವರು ತಿನ್ನುವಷ್ಟರಲ್ಲಿ ಚೀಸ್ ಬಿಗಿದಿರುತ್ತದೆ.

ಬೆಂಗಳೂರಿನಿಂದ ಉರುಟು ಚೀಸ್ ಬಂದರೆ

ಈಗ ಬೆಂಗಳೂರಿನಿಂದ ಬರುವವರು ಸಿಹಿ ಡಬ್ಬಿಯ ಬದಲು ಬ್ರೀ ಅಥವಾ ಕ್ಯಾಮೆಂಬೇರ್ ಚೀಸ್‌ನ ಪುಟ್ಟ ಉರುಟು ಡಬ್ಬಿ ತರುವುದೂ ಉಂಟು. ಎರಡೂ ಫ್ರಾನ್ಸಿನವು. ಬ್ರೀ ಪ್ಯಾರಿಸ್‌ನ ಪೂರ್ವದ ಸೀಮೆಯದು, ಕ್ಯಾಮೆಂಬೇರ್ ನಾರ್ಮಂಡಿಯದು. ಈಗ ನಮ್ಮ ದೇಶದಲ್ಲೂ ತಯಾರಾಗುತ್ತವೆ. ಇವನ್ನು ತುರಿಯುವುದು, ಬೆರೆಸುವುದು ಏನೂ ಇಲ್ಲ, ಇಡಿಯಾಗಿಯೇ ಬೇಯಿಸಬೇಕು.

ಮೇಲಿನ ಬಿಳಿ ಪದರ ಬೂಷ್ಟೇ, ಆದರೆ ಬೇಕೆಂದೇ ಬೆಳೆಸಿದ, ತಿನ್ನಬಹುದಾದ ಬೂಷ್ಟು. ಇದನ್ನು ಹಿರಿಯರಿಗೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ನಿಮ್ಮ ಕಣ್ಣು ತಪ್ಪಿಸಿ ಯಾರಾದರೂ ಚಾಕುವಿನಿಂದ ಹೆರೆದು ಸ್ವಚ್ಛ ಮಾಡಿಟ್ಟಿರುತ್ತಾರೆ. ಆ ಪದರ ಹೋದರೆ ಕರಗಿದ ಚೀಸ್ ಹರಿದು ಹೋಗುತ್ತದೆ, ಅದೇ ಇಲ್ಲಿ ಪಾತ್ರೆ. ಪೊಟ್ಟಣ ಬಿಚ್ಚಿದಾಗ ಅಣಬೆಯ ವಾಸನೆ ಬಂದರೆ ಸರಿ. ಮೂಗಿಗೆ ಅಮೋನಿಯಾ ಹೊಡೆದರೆ ಮಾಗುವಿಕೆ ಮೀರಿದೆ, ಬೇಡ.

ಕಾಗದ, ಪ್ಲಾಸ್ಟಿಕ್ ಎಲ್ಲ ತೆಗೆದು, ಚೀಸ್ ಸರಿಯಾಗಿ ಕೂರುವ ಸಣ್ಣ ಬಟ್ಟಲಿನಲ್ಲಿಟ್ಟು, ಮೇಲ್ಪದರದಲ್ಲಿ ಚಾಕುವಿನಿಂದ ಚೌಕುಳಿ ಗೆರೆ ಎಳೆಯಿರಿ. ಗೆರೆಗಳಲ್ಲಿ ಬೆಳ್ಳುಳ್ಳಿಯ ತೆಳು ಹೋಳು, ಜಜ್ಜಿದ ಕಾಳುಮೆಣಸು. 180 ಡಿಗ್ರಿಯಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ. ಬೆರಳಿನಿಂದ ಒತ್ತಿದಾಗ ನಡುಭಾಗ ನೀರು ತುಂಬಿದಂತೆ ಜಗ್ಗಿದರೆ ಆಯಿತು. ಹೊರಗೆ ತೆಗೆದು ಒಂದು ಚಮಚ ಜೇನು ಸುರಿದು, ಹುರಿದ ಕಡಲೆಕಾಯಿ ಬೀಜ ಅಥವಾ ಗೋಡಂಬಿ ಉದುರಿಸಿ. ತೋಟದ ಕಡೆಯ ಜೇನು ಸಿಕ್ಕರೆ ಇನ್ನೂ ಒಳ್ಳೆಯದು. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಜೇನು ನೆಕ್ಕಿಸಬಾರದು, ಅಜ್ಜಿಯಂದಿರು ಎಷ್ಟೇ ಹೇಳಲಿ. ಗರ್ಭಿಣಿಯರು ಇದ್ದರೆ ಈ ಬಗೆಯ ಮೆತ್ತನೆಯ ಚೀಸ್ ಬದಲು ಮೊದಲು ಹೇಳಿದ್ದನ್ನೇ ಕೊಡಿ.

ಈ ಉರುಟು ಚೀಸ್ ನಾಲ್ಕು ಜನಕ್ಕೆ ಸಾಕು, ಎಂಟು ಜನ ಕುಳಿತರೆ ಸಾಲದು. ಮನೆ ತುಂಬ ಜನ ಇದ್ದಾಗ ಅದನ್ನು ಫ್ರಿಜ್‌ನಲ್ಲೇ ಇರಿಸಿ, ಎಲ್ಲರೂ ಹೋದ ಮೇಲೆ ನೋಡಿಕೊಳ್ಳೋಣ.

ಉಳಿದರೆ

ಸಾಮಾನ್ಯವಾಗಿ ಉಳಿಯುವುದಿಲ್ಲ. ಉಳಿದರೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡದೆ ಫ್ರಿಜ್‌ಗೆ ಸೇರಿಸಿ, ಎರಡು ದಿನದೊಳಗೆ ಮುಗಿಸಿ. ಮತ್ತೆ ಓವನ್‌ಗೆ ಹಾಕಬೇಡಿ. ಬೆಳಗಿನ ದೋಸೆ ಕಾವಲಿಯ ಮೇಲೆ ಅರ್ಧ ಬೆಂದಾಗ ಒಂದು ಚಮಚ ಹಚ್ಚಿ ಮಡಚಿದರೆ ಮಕ್ಕಳು ಪಲ್ಯ ಕೇಳುವುದಿಲ್ಲ. ಬ್ರೆಡ್ ಮೇಲೆ ಹಚ್ಚಿ ಕಾವಲಿಯಲ್ಲಿ ಮುಚ್ಚಿ ಬಿಸಿ ಮಾಡಿದರೂ ಚೆನ್ನ.

ಬಟ್ಟಲು ತೊಳೆಯುವವರಿಗೆ ಒಂದು ಕಿವಿಮಾತು. ಮೊದಲೇ ಬಿಸಿನೀರು ಸುರಿದರೆ ಚೀಸ್ ಮತ್ತೆ ಮೆತ್ತಗಾಗಿ ನಾರಿಗೆಲ್ಲ ಮೆತ್ತಿಕೊಳ್ಳುತ್ತದೆ, ಆಮೇಲೆ ಆ ನಾರನ್ನು ಬಿಸಾಡುವುದೇ ಗತಿ. ಬಟ್ಟಲು ಪೂರ್ತಿ ಆರಿದ ಮೇಲೆ ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಯಲು ಬಿಟ್ಟು, ಮರದ ಚಮಚದಿಂದ ಒತ್ತಿ ಎಬ್ಬಿಸಿ, ಆಮೇಲೆ ಬಿಸಿನೀರು, ಸಾಬೂನು. ಅಂಚಿನಲ್ಲಿ ಕಂದಾಗಿ ಹತ್ತಿದ ಗರಿ ಚಕ್ಕೆಯನ್ನು ಮಾತ್ರ ನೆನೆಹಾಕುವ ಮೊದಲೇ ಕೆರೆದು ತಿಂದುಬಿಡಿ, ಅದರ ಪಾಲು ಅಡುಗೆ ಮಾಡಿದವರದ್ದು.